ಯಕೃತ್ತಿನ ಅರ್ಬುದವೂ ರಕ್ತಪರೀಕ್ಷೆಯೂ

(ಘಾಜಿಯಾಬಾದಿನ ನಮ್ಮ ಕನ್ನಡ ಸಂಘದ ಉಚಿತ ವಾಚನಾಲಯದಲ್ಲಿ ಒಂದು ಭಾನುವಾರ ಸಂಜೆ ಮಾಡಿದ ಭಾಷಣದ ಪಾಠ)



ಈ ಸಂಜೆ ಏನಾದರೂ ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ವಿಷಯವನ್ನು ನಮ್ಮ ಇಷ್ಟಕ್ಕೇ ಬಿಟ್ಟಿದ್ದರು. ಸಾಹಿತ್ಯದ ಬಗ್ಗೆ ಮಾತನಾಡುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾವು ಸಾಹಿತಿಗಳಲ್ಲ, ವೈದ್ಯರೂ ಅಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ರಕ್ತಪರೀಕ್ಷಾಲಯದಲ್ಲಿ ಗಾಜಿನ ಕೊಳವೆಗಳ ನಡುವೆ ಕೆಲಸ ಮಾಡಿ ನಿವೃತ್ತರಾದವರು. ಆದುದರಿಂದ ನಮಗೆ ತಿಳಿದದ್ದನ್ನೇ ಹೇಳುವುದು ಮೇಲೆಂದು ಈ ವಿಷಯವನ್ನು ಆರಿಸಿಕೊಂಡೆವು. ಆರಿಸಿಕೊಳ್ಳುವುದಕ್ಕೆ ಇನ್ನೊಂದು ಕಾರಣವೂ ಉಂಟು. ಅದನ್ನು ಮೊದಲು ಹೇಳಿಬಿಡುತ್ತೇವೆ.

1974ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್‌ನವರು ಇಲ್ಲಿ ತಮ್ಮ ಎರಡನೆಯ ಕಾರ್ಖಾನೆಯನ್ನು ತೆರೆದ ಮೇಲೆ ಜಾಲಹಳ್ಳಿಯಿಂದಲೂ ಸುತ್ತಮುತ್ತಲಿನಿಂದಲೂ ಅನೇಕ ಕನ್ನಡ ಕುಟುಂಬಗಳು ಈ ಊರಿಗೆ ಬಂದು ನೆಲೆಸಿದ್ದು ತಮಗೆಲ್ಲ ಗೊತ್ತೇ ಇದೆ. ಅವರ ಹಿಂದೆಯೇ ಬೇರೆ ಬೇರೆ ಉದ್ಯೋಗಗಳಿಗೆ ಬಂದವರೂ ಬಹಳ. ಅಂಥವರಲ್ಲಿ ಒಬ್ಬರು ಈ ವಾಚನಾಲಯಕ್ಕೆ ಪ್ರತಿ ಭಾನುವಾರ ತಪ್ಪದೆ ಬರುತ್ತಿದ್ದರು. ಬರುವಾಗ ಚೀಲದಲ್ಲಿ ತಮ್ಮದೇ ಒಂದು ಸ್ಟೀಲಿನ ಲೋಟ ತರುತ್ತಿದ್ದರು. ಎಲ್ಲರಿಗೂ ಕಾಫಿ ಕೊಡುವಾಗ ಆ ಲೋಟವನ್ನೇ ಮುಂದೆ ಚಾಚುವರು. ಕುಡಿದು ತಾವೇ ತೊಳೆದು ಚೀಲಕ್ಕೆ ಹಾಕಿಕೊಳ್ಳುವರು. ಯುಗಾದಿಯ ಊಟಕ್ಕೂ ಅಷ್ಟೆ, ತಟ್ಟೆ ಅವರದೇ. ನಾವು ಅದನ್ನು ಮಡಿ ಎಂದು ತಿಳಿದೆವು. ‘ಘಾಜಿಯಾಬಾದಿಗೆ ಬಂದರೂ ಸ್ವಾಮಿಗಳ ಮಡಿ ಬಿಡಲಿಲ್ಲವಲ್ಲ!’ ಎಂದು ನಾವೇ ಎಷ್ಟೋ ಸಲ ಹಾಸ್ಯ ಮಾಡಿದ್ದುಂಟು. ಅವರು ನಕ್ಕು ಸುಮ್ಮನಾಗುತ್ತಿದ್ದರು.

ಐವತ್ತೆಂಟನೆಯ ವಯಸ್ಸಿನಲ್ಲಿ ಅವರಿಗೆ ಹೊಟ್ಟೆ ಉಬ್ಬರಿಸಿತು, ಕಣ್ಣು ಹಳದಿಯಾಯಿತು. ಪರೀಕ್ಷೆ ಮಾಡಿಸುವ ಹೊತ್ತಿಗೆ ಯಕೃತ್ತಿನ ಕ್ಯಾನ್ಸರು ಅಂಗೈ ಅಗಲಕ್ಕೆ ಬೆಳೆದು ರಕ್ತನಾಳದೊಳಕ್ಕೂ ಇಳಿದಿತ್ತು. ಮೂರು ತಿಂಗಳಿಗೆ ಹೋಗಿಬಿಟ್ಟರು. ಆಮೇಲೆ ಮನೆಯವರು ಅವರ ಕಾಗದಪತ್ರಗಳನ್ನು ನೋಡುವಾಗ ಒಂದು ಹಳೆಯ ಚೀಟಿ ಸಿಕ್ಕಿತು. ಸುಮಾರು ಇಪ್ಪತ್ತು ವರ್ಷದ ಹಿಂದೆ ಯಾವುದೋ ಶಿಬಿರದಲ್ಲಿ ರಕ್ತದಾನ ಮಾಡಿದ್ದಾಗ, ‘ತಮ್ಮ ರಕ್ತದಲ್ಲಿ ಹೆಪಟೈಟಿಸ್ ಬಿ ಇದೆ, ಇನ್ನು ಮುಂದೆ ದಾನ ಮಾಡಬೇಡಿ’ ಎಂದು ಕಳಿಸಿದ್ದ ಎರಡು ಸಾಲಿನ ಚೀಟಿ ಅದು. ಮುಂದೆ ಏನು ಮಾಡಬೇಕು, ಯಾರನ್ನು ಕಾಣಬೇಕು ಎಂಬುದು ಅದರಲ್ಲಿ ಇರಲಿಲ್ಲ. ಅವರು ಅದನ್ನು ಯಾರಿಗೂ ತೋರಿಸದೆ ಪೆಟ್ಟಿಗೆಯ ತಳದಲ್ಲಿ ಇಟ್ಟರು. ನಮಗೆಲ್ಲಿ ರೋಗ ಅಂಟೀತೋ ಎಂಬ ಅಂಜಿಕೆಯಿಂದ ಲೋಟವನ್ನು ಮಾತ್ರ ಬೇರೆ ಮಾಡಿಕೊಂಡರು.

ಆ ರೋಗ ಲೋಟದಿಂದ ಅಂಟುವುದಿಲ್ಲ, ಮಹನೀಯರೆ. ಒಟ್ಟಿಗೆ ಉಂಡರೂ, ಪಕ್ಕದಲ್ಲಿ ಕೂತರೂ, ಕೈಕುಲುಕಿದರೂ ಅಂಟುವುದಿಲ್ಲ. ರಕ್ತದಿಂದ ಅಂಟುತ್ತದೆ: ಸರಿಯಾಗಿ ಕುದಿಸದ ಸೂಜಿ, ಪರೀಕ್ಷೆ ಮಾಡದ ರಕ್ತ, ಒಬ್ಬರದನ್ನೊಬ್ಬರು ಬಳಸುವ ಕ್ಷೌರದ ಕತ್ತಿ, ದೇಹಸಂಪರ್ಕ; ಎಲ್ಲಕ್ಕಿಂತ ಹೆಚ್ಚಾಗಿ ಹೆರಿಗೆಯ ಸಮಯದಲ್ಲಿ ತಾಯಿಯಿಂದ ಮಗುವಿಗೆ. ಆ ಪುಣ್ಯಾತ್ಮರು ಬೇಡದ ಎಚ್ಚರಿಕೆಯನ್ನೆಲ್ಲ ಇಪ್ಪತ್ತು ವರ್ಷ ನಡೆಸಿದರು. ಬೇಕಾದ ಒಂದು ಎಚ್ಚರಿಕೆಯನ್ನು ಅವರಿಗೆ ಯಾರೂ ಹೇಳಲಿಲ್ಲ. ರಕ್ತಪರೀಕ್ಷೆಯೇ ಕಸುಬಾಗಿದ್ದ ನಾವು ಎದುರಿಗೇ ಕೂತಿದ್ದೆವು. ನಮ್ಮನ್ನೂ ಅವರು ಕೇಳಲಿಲ್ಲ. ಕೇಳುವಷ್ಟು ಸಲಿಗೆಯನ್ನು ನಮ್ಮ ಹಾಸ್ಯ ಉಳಿಸಿರಲಿಲ್ಲವೋ ಏನೋ. ಈ ಭಾಷಣಕ್ಕೆ ಅದೇ ಕಾರಣ.

ಇನ್ನು ವಿಷಯಕ್ಕೆ ಬರೋಣ. ಯಕೃತ್ತು, ಅಥವಾ ಪಿತ್ತಜನಕಾಂಗ, ಬಲಗಡೆಯ ಪಕ್ಕೆಲುಬಿನ ಮರೆಯಲ್ಲಿರುವ, ಹೆಚ್ಚುಕಡಿಮೆ ಒಂದೂವರೆ ಕಿಲೋ ತೂಗುವ ಅಂಗ. ಇದು ದೇಹದ ಅಡಿಗೆಮನೆಯೂ ಹೌದು, ಉಗ್ರಾಣವೂ ಹೌದು. ಉಂಡ ಅನ್ನವನ್ನು ಸರಿಪಡಿಸುವುದು, ಸಕ್ಕರೆ ಕೂಡಿಡುವುದು, ವಿಷವನ್ನು ಕಳೆಯುವುದು, ರಕ್ತ ಹೆಪ್ಪುಗಟ್ಟಲು ಬೇಕಾದ ಸಾಮಗ್ರಿ ಮಾಡುವುದು ಎಲ್ಲವೂ ಇದರ ಪಾಲಿಗೆ ಬಂದಿದೆ. ಇಷ್ಟೆಲ್ಲ ದುಡಿದರೂ ಗೊಣಗುವ ಸ್ವಭಾವ ಇದಕ್ಕಿಲ್ಲ. ನೋವನ್ನು ತಿಳಿಸುವ ನರಗಳು ಇದರ ಮೇಲಣ ಪೊರೆಯಲ್ಲಿವೆಯೇ ಹೊರತು ಒಳಗೆ ಇಲ್ಲವೆನ್ನಬಹುದು. ಒಳಗೆ ನಿಂಬೆಹಣ್ಣಿನಷ್ಟು ಗಂಟು ಬೆಳೆದರೂ ಮನುಷ್ಯ ಎಂದಿನಂತೆ ಕಚೇರಿಗೆ ಹೋಗಿ ಬರುತ್ತಿರುತ್ತಾನೆ. ನೋವು ಬರುವ ಹೊತ್ತಿಗೆ ಗಂಟು ಪೊರೆಯನ್ನು ಮುಟ್ಟಿರುತ್ತದೆ. ಇಂಥ ಮೂಕ ಅಂಗದ ಯೋಗಕ್ಷೇಮವನ್ನು ರಕ್ತದಿಂದ ಕೇಳಿ ತಿಳಿಯುವ ದಾರಿ ಇದೆಯೇ ಎಂಬುದು ಇಂದಿನ ಪ್ರಶ್ನೆ.

ಅದಕ್ಕೆ ಮೊದಲು ಕಾಮಾಲೆಯ ವಿಚಾರದಲ್ಲಿ ಇರುವ ಒಂದು ಗೊಂದಲವನ್ನು ತೆಗೆಯಬೇಕು. ಕಣ್ಣು ಹಳದಿಯಾದರೆ ನಾವು ಕಾಮಾಲೆ ಎನ್ನುತ್ತೇವೆ, ಒಂದೇ ರೋಗವೆಂದುಕೊಳ್ಳುತ್ತೇವೆ. ದೆಹಲಿಯ ಚರಿತ್ರೆಯಲ್ಲೇ ಇದಕ್ಕೊಂದು ದೊಡ್ಡ ಉದಾಹರಣೆ ಇದೆ. 1955ರ ಕೊನೆಯಲ್ಲಿ ನಜಾಫ್‌ಗಢ ನಾಲೆಯ ಕೊಳಚೆ ಯಮುನೆಯಲ್ಲಿ ಮೇಲಕ್ಕೆ ತಳ್ಳಲ್ಪಟ್ಟು, ವಜೀರಾಬಾದಿನಲ್ಲಿ ಊರಿಗೆ ನೀರೆತ್ತುವ ಕಡೆಗೆ ಸೇರಿಕೊಂಡಿತು. ಆ ಡಿಸೆಂಬರಿನಿಂದ 1956ರ ಜನವರಿಯವರೆಗೆ ಸುಮಾರು 29,000 ಮಂದಿಗೆ ಕಾಮಾಲೆಯಾಯಿತು. ಬಸುರಿಯರ ಪಾಡು ಎಲ್ಲರಿಗಿಂತ ಕೆಟ್ಟದಾಗಿತ್ತು. ಆಗ ಅದನ್ನು ಸಾಮಾನ್ಯ ಸಾಂಕ್ರಾಮಿಕ ಕಾಮಾಲೆಯೆಂದೇ ಬರೆದರು. ಎತ್ತಿಟ್ಟಿದ್ದ ರಕ್ತದ ಮಾದರಿಗಳನ್ನು 1980ರಲ್ಲಿ ಮತ್ತೆ ಪರೀಕ್ಷಿಸಿದಾಗ ಅದು ಬೇರೆಯೇ ಒಂದು ವೈರಸ್ ಎಂದು ಗೊತ್ತಾಯಿತು. ಈಗ ಅದಕ್ಕೆ ಹೆಪಟೈಟಿಸ್ ಇ ಎಂಬ ಹೆಸರು. ಇ ಮತ್ತು ಎ ಎಂಬ ಎರಡು ಕಾಮಾಲೆಗಳು ನೀರಿನಿಂದ ಬರತಕ್ಕವು. ಬಂದು ಸಾಮಾನ್ಯವಾಗಿ ಹೊರಟುಹೋಗುತ್ತವೆ, ಕ್ಯಾನ್ಸರನ್ನು ಹಿಂದೆ ಬಿಟ್ಟು ಹೋಗುವುದಿಲ್ಲ. ಬಿ ಮತ್ತು ಸಿ ಎಂಬುವು ರಕ್ತದಿಂದ ಬರತಕ್ಕವು. ಅನೇಕರಲ್ಲಿ ಕಣ್ಣು ಹಳದಿಯಾಗುವುದೇ ಇಲ್ಲ. ಬಾಡಿಗೆ ಕೊಡದೆ ಕೂತ ಬಿಡಾರದವರಂತೆ ಹತ್ತಾರು ವರ್ಷ ಕೂತುಬಿಡುತ್ತವೆ. ನೀರು ಕುದಿಸಿ ಕುಡಿದರೆ ಇವು ತಪ್ಪುವುದಿಲ್ಲ. ಕುದಿಸಿ ಕುಡಿಯಬೇಡಿ ಎಂದು ನಾವು ಹೇಳಿದೆವೆಂದು ಮಾತ್ರ ಮನೆಗೆ ಹೋಗಿ ಹೇಳಬೇಡಿ!

ಬಿ ವೈರಸ್ಸಿನ ಗುರುತು ಸಿಕ್ಕಿದ ಕಥೆ ಸ್ವಾರಸ್ಯವಾದದ್ದು. ಅಮೆರಿಕದ ಬರೂಕ್ ಬ್ಲುಂಬರ್ಗ್ ಎಂಬವರು ಕಾಮಾಲೆಯನ್ನು ಹುಡುಕಿ ಹೊರಟವರೇ ಅಲ್ಲ. ಬೇರೆ ಬೇರೆ ಜನಾಂಗಗಳ ರಕ್ತದಲ್ಲಿ ಏನೇನು ಭೇದಗಳಿವೆಯೆಂದು ನೋಡುತ್ತಿದ್ದರು. ಅನೇಕ ಸಲ ಪರರ ರಕ್ತ ಪಡೆದಿದ್ದ ರೋಗಿಯೊಬ್ಬರ ರಕ್ತರಸವು ಆಸ್ಟ್ರೇಲಿಯದ ಆದಿವಾಸಿಯೊಬ್ಬರ ರಕ್ತರಸದೊಡನೆ ಸೇರಿದಾಗ ಒಂದು ಬಿಳಿಯ ಗೆರೆ ಮೂಡಿತು. 1965ರಲ್ಲಿ ಅದನ್ನು ಆಸ್ಟ್ರೇಲಿಯ ಆಂಟಿಜನ್ ಎಂದು ಪ್ರಕಟಿಸಿದರು. ಆ ಗೆರೆ ಬಿ ವೈರಸ್ಸಿನ ಹೊರಕವಚದ್ದೆಂದು ತಿಳಿದದ್ದು ಆಮೇಲೆ. 1976ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. 1986ರಲ್ಲಿ ಅವರು ನಮ್ಮ ಬೆಂಗಳೂರಿಗೆ ಭಾರತೀಯ ವಿಜ್ಞಾನ ಅಕಾಡೆಮಿಯ ರಾಮನ್ ಸಂದರ್ಶಕ ಪ್ರಾಧ್ಯಾಪಕರಾಗಿ ಬಂದಿದ್ದರು. ಅವರ ಜನ್ಮದಿನವಾದ ಜುಲೈ 28ನ್ನೇ ಈಗ ಲೋಕವೆಲ್ಲ ಹೆಪಟೈಟಿಸ್ ದಿನವಾಗಿ ಆಚರಿಸುತ್ತದೆ.

ಈ ವೈರಸ್ಸಿಗೂ ಕ್ಯಾನ್ಸರಿಗೂ ಇರುವ ನಂಟನ್ನು ಸಂಶಯಕ್ಕೆಡೆಯಿಲ್ಲದಂತೆ ತೋರಿಸಿದವರು ತೈವಾನಿನಲ್ಲಿ ಕೆಲಸ ಮಾಡಿದ ಬೀಸ್ಲಿ ಮತ್ತು ಸಂಗಡಿಗರು. ಅವರು ಆರಿಸಿಕೊಂಡದ್ದು ಸರಕಾರೀ ನೌಕರರನ್ನು. ಸರಕಾರೀ ನೌಕರ ಎಲ್ಲಿಗೂ ತಪ್ಪಿಸಿಕೊಂಡು ಹೋಗುವುದಿಲ್ಲ, ಅವನ ದಾಖಲೆ ಎಲ್ಲೋ ಇದ್ದೇ ಇರುತ್ತದೆ. ನಮ್ಮಲ್ಲಿ ಅನೇಕರಿಗೆ ಇದು ಅನುಭವದ ಮಾತು. 22,707 ಗಂಡಸರನ್ನು ವರ್ಷಗಟ್ಟಲೆ ಗಮನಿಸಿ 1981ರಲ್ಲಿ ವರದಿ ಕೊಟ್ಟರು. ಅವರಲ್ಲಿ 41 ಮಂದಿಗೆ ಯಕೃತ್ತಿನ ಕ್ಯಾನ್ಸರು ಬಂದಿತ್ತು. ಅದರಲ್ಲಿ 40 ಮಂದಿ ಬಿ ವೈರಸ್ಸನ್ನು ಹೊತ್ತಿದ್ದವರು, ಅದೂ ಅಷ್ಟು ಜನರ ನಡುವೆ ಹೊತ್ತವರು 3,454 ಮಂದಿ ಮಾತ್ರ ಇದ್ದಾಗ. ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ವೈದ್ಯಶಾಸ್ತ್ರದಲ್ಲಿ ಅಪರೂಪ.

ಬೇರೆ ಕಾರಣಗಳೂ ಇವೆ. 1989ರಲ್ಲಿ ಗುರುತಿಸಿದ ಸಿ ವೈರಸ್, ಮದ್ಯ, ಸಕ್ಕರೆ ಕಾಯಿಲೆಯೊಡನೆ ಕೂಡಿ ಬರುವ ಕೊಬ್ಬು ತುಂಬಿದ ಯಕೃತ್ತು, ಬೂಷ್ಟು ಹಿಡಿದ ಶೇಂಗಾ ಮತ್ತು ಮೆಕ್ಕೆಜೋಳದಲ್ಲಿ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷ. ಊರಿನಿಂದ ಮೂಟೆಯಲ್ಲಿ ಶೇಂಗಾ ತರಿಸುವವರು ಮಳೆಗಾಲ ಕಳೆದ ಮೇಲೆ ಉಳಿದ ಕಾಳನ್ನು ಮೂಸಿ ನೋಡುವುದು ಒಳ್ಳೆಯದು. ಕಪ್ಪಿಟ್ಟ ಕಹಿ ಕಾಳನ್ನು ‘ದುಡ್ಡು ಕೊಟ್ಟದ್ದಲ್ಲವೆ’ ಎಂದು ಚಟ್ನಿಪುಡಿಗೆ ಹಾಕುವುದು ಬೇಡ. ಕೊಬ್ಬಿನ ಯಕೃತ್ತನ್ನು ಹಗುರವಾಗಿ ಕಾಣುವಂತಿಲ್ಲ. ಒಂದು ತೊಟ್ಟೂ ಕುಡಿಯದ, ಮಾಂಸ ಮುಟ್ಟದ ಮನೆಗಳಲ್ಲಿಯೂ ಕೂತು ಕೆಲಸ ಮಾಡುವವರಿಗೆ ಇದು ಬರುತ್ತದೆ. ಯಾವ ಕಾರಣವೇ ಇರಲಿ, ಬಹುಪಾಲು ದಾರಿ ಒಂದೇ: ಯಕೃತ್ತು ಗಾಯವಾಗುವುದು, ಮಾಯುವುದು, ಮತ್ತೆ ಗಾಯವಾಗುವುದು; ಹೀಗೆ ಮಾದ ಕಲೆಗಳೇ ತುಂಬಿ ಗಂಟುಗಂಟಾಗಿ ಗಟ್ಟಿಯಾಗುವುದು. ಇದಕ್ಕೆ ಸಿರೋಸಿಸ್ ಎನ್ನುತ್ತಾರೆ. ಯಕೃತ್ತಿನ ಕ್ಯಾನ್ಸರುಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಇಂಥ ನೆಲದಲ್ಲಿಯೇ ಮೊಳೆಯುತ್ತವೆ. ಬಿ ವೈರಸ್ ಮಾತ್ರ ಸಿರೋಸಿಸ್ಸಿಗೆ ಕಾಯದೆ ನೇರವಾಗಿಯೂ ಕ್ಯಾನ್ಸರನ್ನು ತರಬಲ್ಲದು.

ಈಗ ರಕ್ತದ ಗುರುತುಗಳ ಮಾತು. 1963ರಲ್ಲಿ ಮಾಸ್ಕೋದಲ್ಲಿ ಗರಿ ಅಬೆಲೆವ್ ಎಂಬ ವಿಜ್ಞಾನಿ ಇಲಿಗಳ ಯಕೃತ್ತಿನ ಗಂಟುಗಳನ್ನು ಪರೀಕ್ಷಿಸುತ್ತಿದ್ದಾಗ ವಿಚಿತ್ರವೊಂದನ್ನು ಕಂಡರು. ಗರ್ಭದಲ್ಲಿರುವ ಮರಿಯ ರಕ್ತದಲ್ಲಿ ಮಾತ್ರ ಇರತಕ್ಕ ಒಂದು ಪ್ರೋಟೀನು ಕ್ಯಾನ್ಸರು ಬಂದ ದೊಡ್ಡ ಇಲಿಯಲ್ಲಿಯೂ ಇತ್ತು. ಮರುವರ್ಷವೇ ಅಸ್ತ್ರಾಖಾನಿನಲ್ಲಿ ತತಾರಿನೋವ್ ಎಂಬವರು ಯಕೃತ್ತಿನ ಕ್ಯಾನ್ಸರಿನ ರೋಗಿಗಳ ರಕ್ತದಲ್ಲಿ ಅದನ್ನೇ ತೋರಿಸಿದರು. ಇದರ ಹೆಸರು ಆಲ್ಫಾ ಫೀಟೋಪ್ರೋಟೀನ್. ಪರೀಕ್ಷಾಲಯದ ಚೀಟಿಯಲ್ಲಿ ಎ.ಎಫ್.ಪಿ. ಎಂದಿರುತ್ತದೆ. ಗರ್ಭಸ್ಥ ಶಿಶುವಿನ ಯಕೃತ್ತು ಇದನ್ನು ಧಾರಾಳವಾಗಿ ತಯಾರಿಸುತ್ತದೆ. ಹುಟ್ಟಿದ ಮೇಲೆ ಇಳಿಯುತ್ತ ಇಳಿಯುತ್ತ ಒಂದು ವರ್ಷದ ಹೊತ್ತಿಗೆ ಇಲ್ಲವೆನ್ನುವಷ್ಟು ಕಡಮೆಯಾಗುತ್ತದೆ. ದೊಡ್ಡವರಲ್ಲಿ ಒಂದು ಮಿಲಿಲೀಟರು ರಕ್ತರಸಕ್ಕೆ 10 ನ್ಯಾನೋಗ್ರಾಂ ಒಳಗೇ ಇರುವುದು ವಾಡಿಕೆ. ನ್ಯಾನೋಗ್ರಾಂ ಎಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಕ್ಯಾನ್ಸರಾದ ಜೀವಕೋಶ ತನ್ನ ವಯಸ್ಸನ್ನು ಮರೆತು ಮತ್ತೆ ಗರ್ಭದ ಅಭ್ಯಾಸಕ್ಕೆ ಹೊರಳುತ್ತದೆ; ಆಗ ಈ ಅಂಕ ನೂರಕ್ಕೆ, ಸಾವಿರಕ್ಕೆ, ಕೆಲವರಲ್ಲಿ ಲಕ್ಷಕ್ಕೂ ಏರುತ್ತದೆ.

ಇಷ್ಟು ಸೂಕ್ಷ್ಮವಾದದ್ದನ್ನು ಅಳೆಯುವುದು ಹೇಗೆಂದು ಕೇಳಬಹುದು. ಈ ಪ್ರೋಟೀನನ್ನೇ ಗುರುತಿಸಿ ಹಿಡಿಯುವ ಪ್ರತಿವಸ್ತುಗಳನ್ನು ಎರಡು ಬಗೆಯಾಗಿ ಇಟ್ಟುಕೊಂಡಿರುತ್ತಾರೆ. ಒಂದು ಕೊಳವೆಯ ಗೋಡೆಗೆ ಅಂಟಿಕೊಂಡು ಕಾದಿರುತ್ತದೆ. ಇನ್ನೊಂದಕ್ಕೆ ಬೆಳಕು ಬೀರುವ ದ್ರವ್ಯ ಕಟ್ಟಿರುತ್ತದೆ. ಪ್ರೋಟೀನು ಎರಡರ ನಡುವೆ ಸಿಕ್ಕಿಕೊಳ್ಳುತ್ತದೆ. ಉಳಿದುದನ್ನು ತೊಳೆದು ಬಿಟ್ಟರೆ ಎಷ್ಟು ಬೆಳಕೋ ಅಷ್ಟು ಪ್ರೋಟೀನು. ನಾವು ಕೆಲಸಕ್ಕೆ ಸೇರಿದಾಗ ಇದಕ್ಕೆ ದಿನವೆಲ್ಲ ಹಿಡಿಯುತ್ತಿತ್ತು. ಈಗ ಯಂತ್ರಕ್ಕೆ ಕೊಳವೆ ಕೊಟ್ಟು ಕಾಫಿ ಕುಡಿದು ಬರುವಷ್ಟರಲ್ಲಿ ಅಂಕ ಸಿದ್ಧ.

ಇಲ್ಲಿಗೆ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಎ.ಎಫ್.ಪಿ. ಸತ್ಯಸಂಧನಲ್ಲ. ಯಕೃತ್ತಿನ ಕ್ಯಾನ್ಸರುಗಳಲ್ಲಿ ಮೂರನೆಯ ಒಂದು ಪಾಲಿನಷ್ಟು ಇದನ್ನು ತಯಾರಿಸುವುದೇ ಇಲ್ಲ. ಗಂಟು ಚಿಕ್ಕದಿದ್ದಾಗ ಸುಳಿವು ಕೊಡದೆ ಇರುವುದು ಇನ್ನೂ ಹೆಚ್ಚು. ಇತ್ತ ಕ್ಯಾನ್ಸರಿಲ್ಲದಿದ್ದರೂ ಹೆಪಟೈಟಿಸ್ ಕೆರಳಿದಾಗ, ಬಸುರಿನಲ್ಲಿ, ವೃಷಣದ ಕೆಲವು ಗಂಟುಗಳಲ್ಲಿ ಏರುತ್ತದೆ. 20 ನ್ಯಾನೋಗ್ರಾಮನ್ನು ಗಡಿಯಾಗಿ ಇಟ್ಟುಕೊಂಡರೆ ನೂರು ಕ್ಯಾನ್ಸರುಗಳಲ್ಲಿ ಅರವತ್ತರಷ್ಟು ಸಿಕ್ಕೀತು. ಹತ್ತು ಮಂದಿ ನಿರ್ದೋಷಿಗಳಲ್ಲಿ ಒಬ್ಬರಿಗೆ ಸುಳ್ಳು ಆಪಾದನೆ ಬರುತ್ತದೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ.

ಈ ಲೆಕ್ಕವನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಏಕೆಂದರೆ ಇಂದು ಪರೀಕ್ಷಾಲಯಗಳು ‘ಪೂರ್ಣ ದೇಹ ತಪಾಸಣೆ’ ಎಂದು ಹಬ್ಬದ ರಿಯಾಯಿತಿಯಲ್ಲಿ ಎ.ಎಫ್.ಪಿ.ಯನ್ನೂ ಸೇರಿಸಿ ಮಾರುತ್ತಿವೆ. ಯಾವ ರೋಗವೂ ಇಲ್ಲದ ಹತ್ತು ಸಾವಿರ ಮಂದಿಯಲ್ಲಿ ಒಬ್ಬರಿಗೆ ಈ ಕ್ಯಾನ್ಸರು ಇದೆಯೆನ್ನೋಣ. ಎಲ್ಲರಿಗೂ ಪರೀಕ್ಷೆ ಮಾಡಿದರೆ ಆ ಒಬ್ಬರು ಸಿಕ್ಕರೂ ಸಿಕ್ಕರು, ಬಿಟ್ಟರೂ ಬಿಟ್ಟರು. ಸುಮಾರು ಸಾವಿರ ಮಂದಿಯಂತೂ ಸುಮ್ಮನೆ ಹೆದರಿ ನಿದ್ದೆಗೆಡುತ್ತಾರೆ. ಅದೇ ಪರೀಕ್ಷೆಯನ್ನು ಸಿರೋಸಿಸ್ ಇರುವ ಸಾವಿರ ಮಂದಿಗೆ ಮಾಡಿ. ಅವರಲ್ಲಿ ಮೂವತ್ತು ಮಂದಿಗೆ ಕ್ಯಾನ್ಸರು ಮೊಳೆತಿದೆಯೆನ್ನೋಣ. ಹದಿನೆಂಟು ಮಂದಿ ಸಿಗುತ್ತಾರೆ, 97 ಮಂದಿಗೆ ಸುಳ್ಳು ಗಾಬರಿ. ಗಂಟೆ ಬಾರಿಸಿದ ಆರು ಮಂದಿಯಲ್ಲಿ ಒಬ್ಬರದು ನಿಜವಾದ ಬೆಂಕಿ. ಇದು ಸ್ಕ್ಯಾನ್ ಮಾಡಿ ನೋಡತಕ್ಕ ಮಾತು. ಪರೀಕ್ಷೆ ಒಂದೇ, ಯಂತ್ರ ಒಂದೇ. ಯಾರ ರಕ್ತ ಎಂಬುದರ ಮೇಲೆ ಅದರ ಬೆಲೆ ಬದಲಾಗುತ್ತದೆ. ಆದ್ದರಿಂದ ಆರೋಗ್ಯವಂತರು ಅದಕ್ಕೆ ದುಡ್ಡು ಸುರಿಯುವುದು ವ್ಯರ್ಥವೆಂದು ನಮ್ಮ ಅಭಿಪ್ರಾಯ. ಅವರು ಮಾಡಿಸಬೇಕಾದದ್ದು ಬೇರೆ. ಅದನ್ನು ಆಮೇಲೆ ಹೇಳುತ್ತೇವೆ.

ಎ.ಎಫ್.ಪಿ.ಯ ಈ ದೌರ್ಬಲ್ಯವನ್ನು ಕಂಡು ವಿಜ್ಞಾನಿಗಳು ಅದಕ್ಕೆ ಜೊತೆಗಾರರನ್ನು ಹುಡುಕಿದರು. ಇಬ್ಬರು ಮುಖ್ಯರು. ಮೊದಲನೆಯದು ಎ.ಎಫ್.ಪಿ.ಯದೇ ಒಂದು ಒಳಬಗೆ, ಎಲ್-3 ಎಂದು ಹೆಸರು. ಕ್ಯಾನ್ಸರಿನ ಕೋಶ ತಯಾರಿಸಿದ ಎ.ಎಫ್.ಪಿ.ಯ ಮೈಗೆ ಒಂದು ಬಗೆಯ ಸಕ್ಕರೆ ಹೆಚ್ಚಾಗಿ ಅಂಟಿರುತ್ತದೆ. ಆ ಸಕ್ಕರೆಯನ್ನು ಗುರುತುಹಿಡಿದು ಕಚ್ಚಿಕೊಳ್ಳುವ ವಸ್ತು ಎಲ್ಲಿ ಸಿಕ್ಕಿತೆಂದು ಬಲ್ಲಿರಾ? ಮಸೂರ ಬೇಳೆಯಲ್ಲಿ! ಈ ಸೀಮೆಗೆ ಬಂದ ಹೊಸದರಲ್ಲಿ ತೊಗರಿಯಿಲ್ಲದೆ ಮಸೂರದಲ್ಲಿ ಸಾರು ಮಾಡಿ ಮುಖ ಸೊಟ್ಟ ಮಾಡಿಕೊಂಡ ತಾಯಂದಿರು ಇಲ್ಲಿದ್ದಾರೆ. ಆ ಬೇಳೆಗೆ ಇಂಥದೊಂದು ದೊಡ್ಡ ಉಪಯೋಗವಿದೆಯೆಂದು ಅವರು ತಿಳಿಯಲಿ. ಎಲ್-3ರ ಪಾಲು ಹೆಚ್ಚಿದ್ದರೆ ಏರಿಕೆ ಹೆಪಟೈಟಿಸ್ಸಿನದಲ್ಲ, ಕ್ಯಾನ್ಸರಿನದು ಎಂಬ ಸಂಶಯ ಬಲವಾಗುತ್ತದೆ.

ಎರಡನೆಯದು ಪಿವ್ಕಾ ಎಂಬುದು. ರಕ್ತ ಹೆಪ್ಪುಗಟ್ಟಲು ಯಕೃತ್ತು ಪ್ರೋಥ್ರಾಂಬಿನ್ ಎಂಬ ಸಾಮಗ್ರಿಯನ್ನು ತಯಾರಿಸುತ್ತದೆ. ಅದಕ್ಕೆ ಕೊನೆಯ ಕೆಲಸ ಮುಗಿಸಲು ಕೆ ಜೀವಸತ್ವ ಬೇಕು. ಕ್ಯಾನ್ಸರಿನ ಕೋಶ ಈ ಕೊನೆಯ ಕೆಲಸವನ್ನು ಮಾಡದೆ ಅರೆಬೆಂದ ಸಾಮಗ್ರಿಯನ್ನೇ ಹೊರಗೆ ಕಳಿಸುತ್ತದೆ. 1984ರಲ್ಲಿ ಲೀಬ್‌ಮನ್ ಮತ್ತು ಸಂಗಡಿಗರು ಇದನ್ನು ಗುರುತಾಗಿ ಬಳಸಬಹುದೆಂದು ತೋರಿಸಿದರು. ಜಪಾನಿನವರು ಇದನ್ನು ಎ.ಎಫ್.ಪಿ.ಯ ಜೊತೆಗೆ ಬಹುಕಾಲದಿಂದ ಬಳಸುತ್ತಿದ್ದಾರೆ. ರಕ್ತ ತೆಳುವಾಗಲು ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರಲ್ಲಿಯೂ ಕೆ ಜೀವಸತ್ವ ಕಡಮೆಯಿದ್ದವರಲ್ಲಿಯೂ ಇದು ಸುಳ್ಳಾಗಿ ಏರುತ್ತದೆ; ಹೃದಯದ ಕವಾಟ ಬದಲಾಯಿಸಿಕೊಂಡವರು ವೈದ್ಯರಿಗೆ ಇದನ್ನು ಮೊದಲೇ ತಿಳಿಸಬೇಕು. ಈ ಮೂರು ಗುರುತುಗಳಿಗೆ ರೋಗಿಯ ವಯಸ್ಸನ್ನೂ, ಗಂಡೋ ಹೆಣ್ಣೋ ಎಂಬುದನ್ನೂ ಕೂಡಿಸಿ ಒಂದು ಅಂಕ ಮಾಡುವ ಕ್ರಮವನ್ನು 2014ರಲ್ಲಿ ಬ್ರಿಟನ್ನಿನ ಬರ್ಮಿಂಗ್‌ಹ್ಯಾಮಿನವರು ಹೊರತಂದರು. ಅದಕ್ಕೆ ಗ್ಯಾಲಡ್ ಎಂದು ಹೆಸರು. ಒಂಟಿ ಎ.ಎಫ್.ಪಿ.ಗಿಂತ ಇದು ಮೇಲೆಂದು ಅನೇಕ ದೇಶಗಳಲ್ಲಿ ಕಂಡುಬಂದಿದೆ. ಗಂಟಿನಿಂದ ಕಳಚಿ ರಕ್ತದಲ್ಲಿ ತೇಲುವ ಡಿ.ಎನ್.ಎ. ತುಣುಕುಗಳನ್ನು ಓದುವ ಪರೀಕ್ಷೆಗಳೂ ಬರುತ್ತಿವೆ. ಅವುಗಳ ಬಗ್ಗೆ ಜಾಹೀರಾತು ಬಹಳ. ಹಳೆಯ ಕ್ರಮವನ್ನು ಬಿಡುವಷ್ಟು ಆಧಾರ ಇನ್ನೂ ಬಂದಿಲ್ಲ.

ಹಳೆಯ ಕ್ರಮ ಯಾವುದು? ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್, ಅದರೊಡನೆ ಎ.ಎಫ್.ಪಿ. ಅಲ್ಟ್ರಾಸೌಂಡ್ ಒಂದನ್ನೇ ನಂಬಿದರೆ ಆರಂಭದ ಕ್ಯಾನ್ಸರುಗಳಲ್ಲಿ ನೂರಕ್ಕೆ 45ರಷ್ಟು ಸಿಗುತ್ತವೆ. ರಕ್ತಪರೀಕ್ಷೆಯನ್ನೂ ಸೇರಿಸಿದರೆ 63. 2018ರಲ್ಲಿ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ತೆಗೆದ ಲೆಕ್ಕವಿದು. ಆರು ತಿಂಗಳೇ ಏಕೆಂದರೆ, ಈ ಗಂಟು ಇಮ್ಮಡಿಯಾಗಲು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು ಹಿಡಿಯುತ್ತದೆ.

ಬೇಗ ಕಂಡುಹಿಡಿದರೆ ನಿಜವಾಗಿಯೂ ಜೀವ ಉಳಿಯುತ್ತದೆಯೆ, ಇಲ್ಲವೆ ಕೆಟ್ಟ ಸುದ್ದಿ ಬೇಗ ಬರುತ್ತದೆ ಅಷ್ಟೆಯೋ? ಇದು ತುಂಟ ಪ್ರಶ್ನೆಯಲ್ಲ. ಬೆಂಗಳೂರಿನಿಂದ ಹೊರಟ ಕರ್ನಾಟಕ ಎಕ್ಸ್‌ಪ್ರೆಸ್ಸನ್ನು ಭೋಪಾಲದಲ್ಲಿ ಕಂಡವನು ‘ಇನ್ನೂ ಬಹಳ ಹೊತ್ತಿದೆ’ ಎನ್ನುತ್ತಾನೆ, ಮಥುರೆಯಲ್ಲಿ ಕಂಡವನು ‘ಇನ್ನೇನು ಬಂತು’ ಎನ್ನುತ್ತಾನೆ. ಗಾಡಿ ದೆಹಲಿ ಸೇರುವ ಗಳಿಗೆ ಇಬ್ಬರಿಗೂ ಒಂದೇ. ಹಾಗೆಯೇ ರೋಗವನ್ನು ಮೊದಲೇ ಕಂಡ ಮಾತ್ರಕ್ಕೆ ರೋಗಿ ಹೆಚ್ಚು ಕಾಲ ಬದುಕಿದಂತೆ ಲೆಕ್ಕದಲ್ಲಿ ತೋರಬಹುದು. ಚೀನದ ಚಿದೊಂಗ್ ಎಂಬಲ್ಲಿ ಬಿ ವೈರಸ್ ಹೊತ್ತ 5,581 ಗಂಡಸರಲ್ಲಿ ರಕ್ತಪರೀಕ್ಷೆಯನ್ನೇ ನೆಚ್ಚಿ ಪ್ರಯೋಗ ಮಾಡಿದಾಗ ಆದದ್ದು ಹಾಗೆಯೇ: ರೋಗ ಬೇಗ ಕಂಡಿತು, ಸಾವು ಕಡಮೆಯಾಗಲಿಲ್ಲ. ಶಾಂಘೈಯಲ್ಲಿ 18,816 ಮಂದಿಯ ಮೇಲೆ ನಡೆದ ಇನ್ನೊಂದು ಪ್ರಯೋಗದಲ್ಲಿ ಆರು ತಿಂಗಳಿಗೊಮ್ಮೆ ಎ.ಎಫ್.ಪಿ.ಯೊಡನೆ ಅಲ್ಟ್ರಾಸೌಂಡನ್ನೂ ಮಾಡಿದರು. 2004ರಲ್ಲಿ ಅದರ ಫಲ ಪ್ರಕಟವಾಯಿತು: ಈ ಕ್ಯಾನ್ಸರಿನಿಂದ ಸಾಯುವವರು ನೂರಕ್ಕೆ 37ರಷ್ಟು ಕಡಮೆಯಾದರು. ಕರೆದಾಗಲೆಲ್ಲ ಎಲ್ಲರೂ ಬರಲಿಲ್ಲ, ಆದರೂ ಇಷ್ಟು. ಗಾಡಿಯನ್ನು ಕಂಡರೆ ಸಾಲದು, ನಿಲ್ಲಿಸುವ ಉಪಾಯವೂ ಕೈಯಲ್ಲಿರಬೇಕು.

ಉಪಾಯಗಳು ಇವೆ. ಚಿಕ್ಕ ಗಂಟನ್ನು ಕತ್ತರಿಸಿ ತೆಗೆಯಬಹುದು. ಚರ್ಮದ ಮೂಲಕ ಸೂಜಿ ಇಳಿಸಿ ಕಾವಿನಿಂದ ಸುಡಬಹುದು. ಯಕೃತ್ತೇ ಕೆಟ್ಟಿದ್ದರೆ ಬದಲಿ ಜೋಡಿಸಬಹುದು. ನಮ್ಮ ದೇಶದ ಮೊದಲ ಯಶಸ್ವಿ ಜೋಡಣೆ 1998ರಲ್ಲಿ ದೆಹಲಿಯಲ್ಲಿಯೇ ಆಯಿತು. ಒಂದೇ ಗಂಟಾದರೆ 5 ಸೆಂಟಿಮೀಟರಿನೊಳಗೆ, ಮೂರರವರೆಗೆ ಇದ್ದರೆ ಒಂದೊಂದೂ 3 ಸೆಂಟಿಮೀಟರಿನೊಳಗೆ ಇದ್ದಾಗ ಜೋಡಣೆ ಮಾಡಿದರೆ ನಾಲ್ಕು ವರ್ಷದ ಮೇಲೂ ನೂರಕ್ಕೆ 75 ಮಂದಿ ಬದುಕಿದ್ದರೆಂದು 1996ರಲ್ಲಿ ಇಟಲಿಯ ಮಿಲಾನಿನವರು ತೋರಿಸಿದರು. ಈ ಐದು, ಮೂರು ಸೆಂಟಿಮೀಟರುಗಳ ಗಡಿಯೊಳಗೆ ಗಂಟನ್ನು ಕಾಣುವುದಕ್ಕಾಗಿಯೇ ಈ ಆರು ತಿಂಗಳ ಓಡಾಟವೆಲ್ಲ.

ಈಗ ನಮ್ಮ ನೆಲನೆಲ್ಲಿಯ ವಿಚಾರ. ಯಾರಾದರೂ ಕೇಳಿಯೇ ಕೇಳುತ್ತೀರಿ. ಊರಿನಲ್ಲಿ ಕಾಮಾಲೆ ಎಂದೊಡನೆ ಅಜ್ಜಿ ಬೇಲಿಯಿಂದ ನೆಲನೆಲ್ಲಿ ಕಿತ್ತು ಅರೆದು ಹಾಲಿನಲ್ಲಿ ಕೊಡುತ್ತಿದ್ದಳು. ಮೂರು ವಾರಕ್ಕೆ ಗುಣವಾಗುತ್ತಿತ್ತು. ನೀರಿನ ಕಾಮಾಲೆ ಬಹುಮಟ್ಟಿಗೆ ತಾನಾಗಿಯೇ ಗುಣವಾಗತಕ್ಕದ್ದು, ಕೀರ್ತಿ ನೆಲನೆಲ್ಲಿಗೆ. ಆದರೆ ಇದನ್ನು ನಗುವ ವಿಷಯವೆಂದು ವಿಜ್ಞಾನಿಗಳು ಬಿಟ್ಟುಬಿಡಲಿಲ್ಲ. ಮದರಾಸಿನ ತ್ಯಾಗರಾಜನ್ ಅವರೂ ನಾವು ಆಗಲೇ ಹೇಳಿದ ಬ್ಲುಂಬರ್ಗರೂ ಕೂಡಿ ಬಿ ವೈರಸ್ ಹೊತ್ತವರಿಗೆ ಇದನ್ನು ಕೊಟ್ಟು ನೋಡಿ 1988ರಲ್ಲಿ ಪ್ರಕಟಿಸಿದರು: 37 ಮಂದಿಯಲ್ಲಿ 22 ಮಂದಿಯ ರಕ್ತದಲ್ಲಿ ವೈರಸ್ಸಿನ ಗುರುತು ಮಾಯವಾಗಿತ್ತು. ಎಂಥ ಸಂತೋಷದ ಸುದ್ದಿ! ಥಾಯ್‌ಲ್ಯಾಂಡ್ ಮುಂತಾದ ಕಡೆ ಮತ್ತೆ ಮಾಡಿ ನೋಡಿದಾಗ ಆ ಫಲ ಬರಲಿಲ್ಲ. ನಮಗೂ ಬೇಸರವೇ. ಅಜ್ಜಿಯ ಮೇಲೆ ಗೌರವವಿಟ್ಟುಕೊಂಡೇ ಹೇಳುತ್ತೇವೆ, ಬಿ ಇದ್ದವರು ಇದನ್ನು ನಂಬಿ ಕೂತಿರಬಾರದು.

ಹಾಗಾದರೆ ಇಲ್ಲಿ ಕೂತವರು ಏನು ಮಾಡಬೇಕು? ಮೊದಲು, ಬದುಕಿನಲ್ಲಿ ಒಮ್ಮೆಯಾದರೂ ಬಿ ಮತ್ತು ಸಿ ವೈರಸ್ಸಿನ ಪರೀಕ್ಷೆ ಮಾಡಿಸಿಕೊಳ್ಳಿ. ಆರೋಗ್ಯವಂತರು ಮಾಡಿಸಬೇಕಾದದ್ದು ಬೇರೆ ಎಂದೆವಲ್ಲ, ಅದು ಇದೇ. ಬಿ ವೈರಸ್ಸಿನ ಪರೀಕ್ಷೆಗೆ ಎಚ್‌ಬಿಎಸ್‌ಎಜಿ ಎಂದು ಹೆಸರು, ಖರ್ಚು ಅಲ್ಪ. ಯಕೃತ್ತಿನ ಎಸ್‌ಜಿಪಿಟಿ ಸರಿಯಾಗಿದೆಯೆಂದು ಸಮಾಧಾನಪಡಬೇಡಿ. ನಮ್ಮ ಗೆಳೆಯರ ಎಸ್‌ಜಿಪಿಟಿ ಪ್ರತಿವರ್ಷವೂ ಸರಿಯಾಗಿಯೇ ಇತ್ತು. ಬಿ ಇಲ್ಲದಿದ್ದರೆ ಲಸಿಕೆ ಹಾಕಿಸಿಕೊಳ್ಳಬಹುದು. 1997ರಲ್ಲಿ ಹೈದರಾಬಾದಿನ ಒಂದು ಸಂಸ್ಥೆ ನಮ್ಮ ದೇಶದಲ್ಲೇ ಅದನ್ನು ತಯಾರಿಸಿದ ಮೇಲೆ ಬೆಲೆ ಇಳಿದಿದೆ. 2011ರಿಂದ ದೇಶದ ಎಲ್ಲ ಮಕ್ಕಳಿಗೂ ಇದು ಉಚಿತ. ಹುಟ್ಟಿದ 24 ಗಂಟೆಯೊಳಗೆ ಮೊದಲ ಚುಚ್ಚುಮದ್ದು ಬೀಳಬೇಕು. ಹೆರಿಗೆಗೆ ಮಗಳನ್ನು ಕರೆತರುವ ತಾಯಂದಿರು ನಾಮಕರಣದ ದಿನ ನೋಡುವಷ್ಟೇ ಶ್ರದ್ಧೆಯಿಂದ ಈ ಗಂಟೆಗಳನ್ನು ನೋಡಿಕೊಳ್ಳಲಿ. ತೈವಾನಿನಲ್ಲಿ 1984ರಿಂದ ಕೂಸುಗಳಿಗೆ ಈ ಲಸಿಕೆ ಕೊಟ್ಟದ್ದರಿಂದ ಹತ್ತು ವರ್ಷದಲ್ಲಿ ಮಕ್ಕಳ ಯಕೃತ್ತಿನ ಕ್ಯಾನ್ಸರು ಅರ್ಧಕ್ಕೆ ಇಳಿಯಿತು.

ಬಿ ಇದೆಯೆಂದು ತಿಳಿದರೆ ಅದು ಮರಣಪತ್ರವಲ್ಲ. ಹೊತ್ತವರಲ್ಲಿ ಬಹುಮಂದಿಗೆ ಕ್ಯಾನ್ಸರು ಬರುವುದೇ ಇಲ್ಲ. ವೈರಸ್ಸನ್ನು ಅದುಮಿಡುವ ಮಾತ್ರೆಗಳಿವೆ. ಸಿ ಇದ್ದರೆ ಹೆಚ್ಚಿನವರಲ್ಲಿ ಹನ್ನೆರಡು ವಾರದ ಮಾತ್ರೆಗಳಿಂದ ಪೂರ್ತಿ ಗುಣವಾಗುತ್ತದೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಔಷಧವೂ ಉಚಿತ. ಯಕೃತ್ತಿಗೆಂದೇ ದೆಹಲಿ ಸರಕಾರ ನಡೆಸುವ ಐ.ಎಲ್.ಬಿ.ಎಸ್. ಆಸ್ಪತ್ರೆ ವಸಂತಕುಂಜದಲ್ಲಿದೆ, ನಮ್ಮ ವೈಶಾಲಿಯಿಂದ ಅರ್ಧ ದಿನದ ಕೆಲಸ. ಸಿರೋಸಿಸ್ ಇದ್ದವರು, ಬಿ ಹೊತ್ತವರಲ್ಲಿ ನಲವತ್ತು ದಾಟಿದ ಗಂಡಸರು, ಐವತ್ತು ದಾಟಿದ ಹೆಂಗಸರು, ಮನೆಯಲ್ಲಿ ಯಾರಿಗಾದರೂ ಈ ಕ್ಯಾನ್ಸರಾಗಿದ್ದವರು ಆರು ತಿಂಗಳ ತಪಾಸಣೆಯನ್ನು ಬಿಡಬಾರದು. ಸಿ ಗುಣವಾದ ಮೇಲೂ ಸಿರೋಸಿಸ್ ಉಳಿದಿದ್ದರೆ ಬಿಡಬಾರದು. ಪ್ರತಿಸಲದ ಅಂಕವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ, ಸಾಧ್ಯವಾದಷ್ಟೂ ಒಂದೇ ಪರೀಕ್ಷಾಲಯದಲ್ಲಿ ಮಾಡಿಸಿ. ಒಂದು ದಿನದ ಅಂಕಕ್ಕಿಂತ ಅಂಕಗಳ ನಡಿಗೆ ಮುಖ್ಯ.

ಈ ಕೊನೆಯ ಮಾತಿಗೆ ಸಾಕ್ಷಿಯಿದೆ. ನಮ್ಮ ಗೆಳೆಯರು ತೀರಿಕೊಂಡ ಮೇಲೆ ಆ ಚೀಟಿಯನ್ನು ಓದಿದ ಅವರ ಮಗಳು ಮನೆಯವರಿಗೆಲ್ಲ ಪರೀಕ್ಷೆ ಮಾಡಿಸಿದಳು. ಅವಳಿಗೂ ತಾಯಿಗೂ ಇರಲಿಲ್ಲ, ಲಸಿಕೆ ಹಾಕಿಸಿಕೊಂಡರು. ಊರಿನಲ್ಲಿ ವ್ಯವಸಾಯ ಮಾಡಿಕೊಂಡಿರುವ ಚಿಕ್ಕಪ್ಪನಿಗೆ ಇತ್ತು. ಇಬ್ಬರಿಗೂ ತಾಯಿಯಿಂದಲೇ ಬಂದಿರಬೇಕು. ಆತ ಮೊದಮೊದಲು ಬೈದರೂ ಆರು ತಿಂಗಳಿಗೊಮ್ಮೆ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ ಬರುತ್ತಿದ್ದರು. ಎ.ಎಫ್.ಪಿ. 6 ಇತ್ತು, ಆಮೇಲೆ 9, ಆಮೇಲೆ 21. ಆ ಸಲದ ಅಲ್ಟ್ರಾಸೌಂಡಿನಲ್ಲಿ ಏನೂ ಕಾಣಲಿಲ್ಲ. ಆದರೂ ಅಂಕದ ನಡಿಗೆ ನೋಡಿ ವೈದ್ಯರು ಬಣ್ಣದ ದ್ರವ ಕೊಟ್ಟು ಸ್ಕ್ಯಾನ್ ಮಾಡಿಸಿದರು. ಎರಡು ಸೆಂಟಿಮೀಟರಿನ ಗಂಟೊಂದು ಸಿಕ್ಕಿತು, ಸುಟ್ಟರು. ನಾಲ್ಕು ವರ್ಷವಾಯಿತು. ಹೋದ ಸಂಕ್ರಾಂತಿಗೆ ಅವರ ತೋಟದ ಕೊಬ್ಬರಿ ಈ ವಾಚನಾಲಯಕ್ಕೆ ಬಂದಿತ್ತು, ತಾವೂ ತಿಂದಿದ್ದೀರಿ.

ಕಾಫಿ ಬಂದಿದೆಯೆಂದು ಕಾರ್ಯದರ್ಶಿಗಳು ಸನ್ನೆ ಮಾಡುತ್ತಿದ್ದಾರೆ. ಪ್ರಶ್ನೆಗಳಿದ್ದರೆ ಈಗ ಕೇಳಬಹುದು. ಎಲ್ಲರ ಮುಂದೆ ಕೇಳಲು ಸಂಕೋಚಪಡುವವರಿಗೆ ಇಷ್ಟು ತಿಳಿಸುತ್ತೇವೆ: ಪ್ರತಿ ಭಾನುವಾರ ವಾಚನಾಲಯ ಮುಚ್ಚಿದ ಮೇಲೂ ಅರ್ಧ ಗಂಟೆ ನಾವು ಒಳಗಿನ ಕೋಣೆಯಲ್ಲಿ ಇರುತ್ತೇವೆ. ಹಳೆಯ ಚೀಟಿಗಳೇನಾದರೂ ಇದ್ದರೆ ತನ್ನಿ.